ಲ್ಯಾಟಿನ್ ವೈರಿಂಗ್

ಊಟ ಮುಗಿಯುವ ಹೊತ್ತಿಗೆ, ಹೊಟ್ಟೆ ಭಾರವಾಗಿ ಯಾರೂ ಎದ್ದು ಓಡಿಹೋಗುವ ಸ್ಥಿತಿಯಲ್ಲಿ ಇಲ್ಲದಾಗ, ಒಂದು ಇಂಗ್ಲಿಷ್ ಪದವನ್ನು ಎತ್ತಿ ಎಲ್ಲರ ಮುಂದೆ ಇಡುವುದು ಬೈಂಡರಮ್ಮನ ಅಣ್ಣನ ಹಳೆಯ ಚಾಳಿ. ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಷ್ಟ್ರು ಆತ. ಶಾಲೆ ಅವನನ್ನು ಬಿಟ್ಟಿತ್ತೇ ಹೊರತು ಅವನು ಪಾಠವನ್ನು ಬಿಟ್ಟಿರಲಿಲ್ಲ. ಒಂದು ವಾರಪತ್ರಿಕೆಗೆ ‘ಮಾತಿನ ಬೇರು’ ಎಂಬ ಅಂಕಣ ಬರೆಯುತ್ತಿದ್ದ. ಗುರುವಾರ ಅಚ್ಚಾಗುವ ಅಂಕಣದ ರುಚಿ ನೋಡುವ ಕರ್ಮ ಭಾನುವಾರವೇ ಮನೆಯವರ ಪಾಲಿಗೆ ಬರುತ್ತಿತ್ತು.

ಆ ಭಾನುವಾರ ಮೇಜಿನ ಸುತ್ತ ಇದ್ದವರು ನಾಲ್ಕೇ ಜನ: ಅಣ್ಣ, ಅತ್ತಿಗೆ, ಬೈಂಡರಮ್ಮ, ಅವಳ ಗಂಡ. ಬೈಂಡರಮ್ಮ ಎನ್ನುವುದು ಅವಳಿಗೆ ಲೈಬ್ರರಿಯಲ್ಲಿ ಅಂಟಿದ ಹೆಸರು. ಸಾರ್ವಜನಿಕ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು, ಬೆನ್ನು ಬಿಟ್ಟ ಪುಸ್ತಕಗಳಿಗೆ ಹೊಲಿಗೆ ಹಾಕಿ ಅಂಟು ಬಳಿದು ರಟ್ಟು ಕಟ್ಟುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅಂಟು ಅಂದಮೇಲೆ ಹೆಸರೂ ಅಂಟಿತು. ಮನೆಗೂ ಬಂತು, ಬೀದಿಗೂ ಬಂತು. ಅಣ್ಣ ಒಬ್ಬನೇ ಅವಳನ್ನು ಐವತ್ತೊಂದನೇ ವಯಸ್ಸಿನಲ್ಲೂ ಪುಟ್ಟಿ ಎನ್ನುತ್ತಿದ್ದ.

“ಕನ್‌ಫ್ಯೂಸ್ಡ್,” ಎಂದ ಅಣ್ಣ ಕೈ ಒರೆಸಿಕೊಳ್ಳುತ್ತ. “ದಿನಕ್ಕೆ ಹತ್ತು ಸಲ ಬಾಯಿಗೆ ಬರೋ ಪದ. ನಮಗೇ ಗಲಿಬಿಲಿ ಇದೆ, ಗೊಂದಲ ಇದೆ, ತಬ್ಬಿಬ್ಬು ಇದೆ, ಕಕ್ಕಾಬಿಕ್ಕಿ ಇದೆ. ಎಲ್ಲಾ ಬಿಟ್ಟು ತಲೆ ಕನ್‌ಫ್ಯೂಸ್ ಆಯ್ತು ಅಂತೀವಿ. ಎಲ್ಲಿಂದ ಬಂತು ಈ ಪದ? ಹೇಳಿ ನೋಡೋಣ.”

ಅತ್ತಿಗೆ ತಟ್ಟೆ ಎತ್ತುವ ನೆವದಲ್ಲಿ ಎದ್ದಳು. ಬೈಂಡರಮ್ಮ ಲೋಟದೊಳಗೆ ಏನೋ ಕಂಡವಳಂತೆ ಬಗ್ಗಿ ನೋಡಿದಳು. ಸಿಕ್ಕಿಬಿದ್ದವನು ಅವಳ ಗಂಡ.

ಗಂಡ ಎಲೆಕ್ಟ್ರಿಷಿಯನ್. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. “ಇದರಲ್ಲೇನಿದೆ ಭಾವ,” ಎಂದ. “ಫ್ಯೂಸ್ ಅನ್ನೋದರಿಂದಲೇ ಬಂದಿದ್ದು. ತಡ್ಕೊಳ್ಳೋ ಶಕ್ತಿಗಿಂತ ಜಾಸ್ತಿ ಕರೆಂಟ್ ಬಂದ್ರೆ ಫ್ಯೂಸ್ ಒಳಗಿನ ತಂತಿ ಕರಗಿ ಹೋಗುತ್ತೆ. ಮನುಷ್ಯನ ತಲೆನೂ ಅಷ್ಟೇ. ಒಂದೇ ಸಲಕ್ಕೆ ಜಾಸ್ತಿ ಬಂತು ಅಂದ್ರೆ ಒಳಗೆ ಏನೋ ಕರಗುತ್ತೆ. ಅದೇ ಕನ್‌ಫ್ಯೂಸು.”

ಅಣ್ಣ ನೀರು ಕುಡಿಯುತ್ತಿದ್ದವನು ನಕ್ಕ. ನೀರು ನೆತ್ತಿಗೆ ಹತ್ತಿತು. ಅತ್ತಿಗೆ ಓಡಿಬಂದು ತಲೆ ತಟ್ಟಿದಳು. ಕೆಮ್ಮು ನಿಂತಮೇಲೂ ನಗು ನಿಲ್ಲಲಿಲ್ಲ.

“ಭಾವ, ಭಾವ,” ಎಂದ ಕಣ್ಣೊರೆಸಿಕೊಂಡು. “ಅದು ಲ್ಯಾಟಿನ್. ಕನ್ ಅಂದ್ರೆ ಒಟ್ಟಿಗೆ. ಫುಂಡೆರೆ ಅಂದ್ರೆ ಸುರಿಯೋದು. ಎಲ್ಲಾ ಒಂದೇ ಪಾತ್ರೆಗೆ ಸುರಿದು ಯಾವುದು ಯಾವುದು ಅಂತ ತಿಳೀದ ಹಾಗೆ ಕಲಸಿಬಿಟ್ರೆ ಅದು ಕನ್‌ಫ್ಯೂಸ್ಡ್. ನಿಮ್ಮ ಫ್ಯೂಸಿಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ?”

“ಹಾಗಾ,” ಎಂದ ಗಂಡ. ಮುಖ ಸ್ವಲ್ಪ ಪೆಚ್ಚಾಯಿತು. ಅಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಗುರುವಾರದ ಅಂಕಣದಲ್ಲಿ ಅಣ್ಣ ಬರೆದ: “ನನ್ನ ಸಮೀಪದ ಬಂಧುವೊಬ್ಬರು, ವೃತ್ತಿಯಿಂದ ಎಲೆಕ್ಟ್ರಿಷಿಯನ್, ಈ ಪದದ ಮೂಲ ಫ್ಯೂಸ್ ಎಂದು ಅಪ್ಪಣೆ ಕೊಡಿಸಿದ್ದಾರೆ. ಅವರ ಲೆಕ್ಕದಲ್ಲಿ ಬಲ್ಬ್ ಎಂಬುದು ಬಲ ಎಂಬುದರಿಂದ ಬಂದಿರಬೇಕು. ಸ್ವಿಚ್ಚಿನ ಮೂಲವನ್ನು ಕೇಳುವ ಧೈರ್ಯ ನನಗಾಗಲಿಲ್ಲ.” ಹೆಸರು ಬರೆದಿರಲಿಲ್ಲ ನಿಜ. ಆದರೆ ಮೇಷ್ಟ್ರಿಗೆ ಇದ್ದ ಬಂಧುಗಳಲ್ಲಿ ಎಲೆಕ್ಟ್ರಿಷಿಯನ್ ಒಬ್ಬನೇ ಎನ್ನುವುದು ಊರಿಗೇ ಗೊತ್ತಿತ್ತು. ಆ ಮೇಷ್ಟ್ರ ಕೈಯಲ್ಲಿ ಕಲಿತವರು ಬೀದಿಗೆ ಹತ್ತು ಜನ. ಎಲ್ಲರೂ ಅಂಕಣ ಓದುವವರು.

ಶುಕ್ರವಾರ ಬೆಳಿಗ್ಗೆ ವೈರು ತರಲು ಹೋದರೆ ಅಂಗಡಿಯವನು ಕೇಳಿದ: “ಬನ್ನಿ ಬನ್ನಿ. ಫ್ಯೂಸ್ ಕೊಡ್ಲಾ, ಕನ್‌ಫ್ಯೂಸ್ ಕೊಡ್ಲಾ?” ಮಧ್ಯಾಹ್ನ ಒಬ್ಬ ಹೆಂಗಸು ಫೋನ್ ಮಾಡಿ, ಮಿಕ್ಸಿ ಓಡುತ್ತಿಲ್ಲ, ಅದರ ಮೂಲವೇನು ಎಂದಳು. ವಾರ ತುಂಬುವುದರೊಳಗೆ ಅವನು ಕನ್‌ಫ್ಯೂಸಣ್ಣನಾಗಿದ್ದ. ಏಣಿಯ ಮೇಲೆ ನಿಂತು ಶಿಳ್ಳೆ ಹಾಕುತ್ತ ಕೆಲಸ ಮಾಡುವ ಮನುಷ್ಯ ಶಿಳ್ಳೆ ನಿಲ್ಲಿಸಿದ. ಮನೆಯಲ್ಲೂ ಮಾತು ಕಡಿಮೆಯಾಯಿತು. ಬೈಂಡರಮ್ಮ ಏನಾದರೂ ಕೇಳಿದರೆ, “ನನ್ನನ್ನ ಯಾಕೆ ಕೇಳ್ತೀಯೇ, ನಿಮ್ಮಣ್ಣನ್ನ ಕೇಳು,” ಎನ್ನುತ್ತಿದ್ದ. ಉಪ್ಪು ಎಲ್ಲಿದೆ ಎಂದು ಕೇಳಿದರೂ ಅದೇ ಉತ್ತರ.

ಅವಳಿಗೆ ಅಣ್ಣನ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟಾಗುವ ಮೊದಲು ಸರಿಯೋ ತಪ್ಪೋ ನೋಡುವುದು ಅವಳ ಸ್ವಭಾವ. ಲೈಬ್ರರಿಯ ಅತಿ ದೊಡ್ಡ ಇಂಗ್ಲಿಷ್ ನಿಘಂಟು ಆಗ ರಿಪೇರಿಗೆಂದು ನೆಲಮಾಳಿಗೆಗೆ ಬರುತ್ತಿತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಪುಟ, ಒಂದೊಂದೂ ಕೂಸಿನಷ್ಟು ಭಾರ. ಒಂದು ಮುಗಿಸಿ ಮೇಲೆ ಕಳಿಸಿದರೆ ಇನ್ನೊಂದು ಕೆಳಗೆ ಬರುವುದು. ‘ಸಿ’ ಸಂಪುಟದ ಹಳೆಯ ಹೊಲಿಗೆ ಬಿಚ್ಚುವ ಮೊದಲು ಅವಳು ಭೂತಗನ್ನಡಿ ಹಿಡಿದು ಆ ಪದವನ್ನು ಹುಡುಕಿದಳು. ಅವಳ ಇಂಗ್ಲಿಷ್ ಶಾಲೆಯದಲ್ಲ, ಚಿಕ್ಕಂದಿನಲ್ಲಿ ಅಣ್ಣ ತಲೆಗೆ ಕುಟ್ಟಿ ಕಲಿಸಿದ್ದು. ನಿಧಾನ, ಆದರೆ ಗಟ್ಟಿ.

ಅಣ್ಣ ಹೇಳಿದ್ದೇ ಅಲ್ಲಿತ್ತು. ಒಟ್ಟಿಗೆ ಸುರಿಯುವುದು. ಅವಳಿಗೆ ಬೇಸರವಾಯಿತು. ಒಂದು ದೊಡ್ಡ ನಿಘಂಟು ಕೂಡ ಅಣ್ಣನ ಪಕ್ಷ ಸೇರಿದಂತಾಯಿತು. ದಬ್ಬಣ ಕೈಗೆತ್ತಿಕೊಂಡು, ಬೇಕಾದದ್ದಕ್ಕಿಂತ ಒಂದು ತೂಕ ಹೆಚ್ಚಿಗೆ ಒತ್ತಿ, ಮಡಿಸಿದ ಹಾಳೆಗಳ ಫಾರಂಗಳಿಗೆ ತೂತು ಹಾಕಿದಳು.

ಆಮೇಲಿನ ಮಂಗಳವಾರ ಅಣ್ಣನ ಮನೆಯ ಸ್ವಿಚ್‌ಬೋರ್ಡ್ ಕೆಲಸ. ಅದು ಮೊದಲೇ ಮಾತಾಗಿತ್ತು. ಮನೆಯ ಮೂಲೆಮೂಲೆಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ತಂದು, ತನ್ನ ಓದುವ ಕುರ್ಚಿಯ ಪಕ್ಕದ ಗೋಡೆಗೆ ಒಂದೇ ದೊಡ್ಡ ಬೋರ್ಡಾಗಿ ಕೂರಿಸಬೇಕೆಂಬುದು ಅಣ್ಣನ ಆಸೆ. ಕೂತಲ್ಲಿಂದಲೇ ಇಡೀ ಮನೆಯನ್ನು ಆಳಬಹುದಲ್ಲ. ಗಂಡ ಹೋಗುವುದಿಲ್ಲ ಎನ್ನುತ್ತಾನೇನೋ ಎಂದುಕೊಂಡಿದ್ದಳು ಬೈಂಡರಮ್ಮ. ಅವನು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಪೆಟ್ಟಿಗೆ ಹಿಡಿದು, ವಾರದ ಮೇಲೆ ಮೊದಲ ಸಲ ಶಿಳ್ಳೆ ಹಾಕುತ್ತ ಹೊರಟ. ಅವಳಿಗೆ ಅನುಮಾನ ಬರಬೇಕಿದ್ದದ್ದು ಅಲ್ಲೇ.

ಮರುದಿನ, ಬುಧವಾರ, ‘ಎಫ್’ ಸಂಪುಟ ಕೆಳಗೆ ಬಂತು. ಬೆನ್ನಿನ ಬಟ್ಟೆ ಹರಿದಿತ್ತಷ್ಟೇ, ಹೊಲಿಗೆ ಗಟ್ಟಿ ಇತ್ತು. ಅರ್ಧ ದಿನದ ಕೆಲಸ. ಹಳೆಯ ಅಂಟು ನೆನೆಯಲೆಂದು ಕಾಯುತ್ತ ಸುಮ್ಮನೆ ಹಾಳೆ ತಿರುವಿದವಳಿಗೆ ಫ್ಯೂಸ್ ಎಂಬ ಪದ ಕಣ್ಣಿಗೆ ಬಿತ್ತು. ಓದಿದಳು. ಸಿಡಿಮದ್ದಿನ ಬತ್ತಿ, ಲ್ಯಾಟಿನ್ನಿನಲ್ಲಿ ನೂಲುವ ಕದಿರಿಗೆ ಇದ್ದ ಹೆಸರಿನಿಂದ ಬಂದದ್ದು ಎಂದಿತ್ತು. ಹಾಳಾಗಿ ಹೋಗಲಿ ಎಂದುಕೊಂಡಳು. ಹಾಳೆ ಮುಚ್ಚಬೇಕು, ಅಷ್ಟರಲ್ಲಿ ಅದರ ಕೆಳಗೇ ಅದೇ ಪದ ಇನ್ನೊಂದು ಸಲ ಬೇರೆಯಾಗಿ ಕೊಟ್ಟಿರುವುದು ಕಂಡಿತು.

ಫ್ಯೂಸ್: ಕರಗುವುದು, ಕರಗಿಸುವುದು. ಮಿತಿ ಮೀರಿ ವಿದ್ಯುತ್ ಹರಿದಾಗ ಕರಗಿಹೋಗುವ ತಂತಿಗೂ ಅದೇ ಹೆಸರು. ಮೂಲ: ಲ್ಯಾಟಿನ್, ಫುಂಡೆರೆ. ಸುರಿ, ಕರಗಿಸು, ಎರಕ ಹೊಯ್ಯು.

ಅವಳು ಸ್ಟೂಲಿನ ಮೇಲೆ ಕೂತಳು. ಮತ್ತೆ ಓದಿದಳು. ಎರಕ ಹೊಯ್ಯುವುದು ಎಂದರೆ ಅವಳಿಗೆ ಗೊತ್ತು. ಪುಸ್ತಕದ ಬೆನ್ನಿಗೆ ಚಿನ್ನದ ಅಕ್ಷರ ಒತ್ತಲು ಬಳಸುವ ಹಿತ್ತಾಳೆಯ ಅಚ್ಚುಗಳು ಹಾಗೆ ಹೊಯ್ದು ಮಾಡಿದವೇ. ಲೋಹ ಸುರಿಯಬೇಕಾದರೆ ಕರಗಬೇಕು, ಕರಗಿದರೆ ಸುರಿಯಬೇಕು. ಎರಡಕ್ಕೂ ಅವರಲ್ಲಿ ಒಂದೇ ಮಾತು. ಅಂದಮೇಲೆ ಗಂಡನ ಫ್ಯೂಸೂ ಅಣ್ಣನ ಕನ್‌ಫ್ಯೂಸೂ ಒಂದೇ ತಾಯಿಯ ಮಕ್ಕಳು. ಗಂಡ ಬಾಯಿಗೆ ಬಂದದ್ದನ್ನು ಹೇಳಿದ್ದ. ಕಣ್ಣು ಮುಚ್ಚಿ ಎಸೆದ ಕಲ್ಲು ಹೋಗಿ ಗುರಿಗೆ ಬಡಿದಿತ್ತು. ಮೂವತ್ತೈದು ವರ್ಷ ಪಾಠ ಹೇಳಿದ ಅಣ್ಣ ಆ ತಾಯಿಯನ್ನು ಕಂಡೂ ಮಕ್ಕಳನ್ನು ಗುರುತಿಸಿರಲಿಲ್ಲ.

ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೈಂಡರಮ್ಮ ಅಂಟಿನ ಡಬ್ಬಿಯ ಮುಂದೆ ಕೂತು ಒಬ್ಬಳೇ ನಕ್ಕಳು.

ಸಂಜೆ ಹೇಳಿಬಿಡಬೇಕು ಎಂದುಕೊಂಡೇ ಮನೆಗೆ ಹೋದಳು. ಪಾಪ, ಮನುಷ್ಯ ಎರಡು ವಾರದಿಂದ ಒಣಗಿಹೋಗಿದ್ದಾನೆ; ಕೇಳಿದರೆ ಕುಣಿದಾಡುತ್ತಾನೆ. ಆದರೆ ಬಾಗಿಲು ತೆಗೆದರೆ ಗಂಡ ಆಗಲೇ ಕುಣಿಯುವ ಹಂತದಲ್ಲಿದ್ದ.

“ಕೂತ್ಕೋ, ಒಂದು ವಿಷಯ ಹೇಳ್ತೀನಿ,” ಎಂದ. “ಯಾರಿಗೂ ಹೇಳ್ಬಾರ್ದು. ನಿಮ್ಮಣ್ಣನ ಬೋರ್ಡಿನಲ್ಲಿ ಒಂದು ಸ್ವಿಚ್ಚೂ ತನ್ನ ಕೆಲಸ ಮಾಡಲ್ಲ. ಎಲ್ಲಾ ಪಕ್ಕದವರ ಕೆಲಸ ಮಾಡುತ್ತೆ. ಹಾಲ್ ಫ್ಯಾನಿನ ಸ್ವಿಚ್ ಒತ್ತಿದ್ರೆ ಅಡುಗೆಮನೆ ಲೈಟು. ಅಡುಗೆಮನೆದು ಒತ್ತಿದ್ರೆ ವರಾಂಡ. ಬಚ್ಚಲ ಲೈಟಿಗೆ ಅಂತ ಇರೋದನ್ನ ಹಾಕಿದ್ರೆ ಬಾಗಿಲ ಬೆಲ್ಲು ಹೊಡ್ಕೊಳ್ಳುತ್ತೆ, ಆರಿಸೋ ತನಕ. ಹೊರಗೆ ಬಂದೋರು ಬೆಲ್ ಒತ್ತಿದ್ರೆ ಬಚ್ಚಲಲ್ಲಿ ಲೈಟು ಬರುತ್ತೆ.”

“ಅಯ್ಯೋ, ಯಾರಿಗಾದ್ರೂ ಶಾಕ್ ಹೊಡೆದ್ರೆ?”

“ಛೆ, ನನ್ನನ್ನ ಏನಂದ್ಕೊಂಡಿದ್ದೀಯ. ಒಂದು ಚೂರೂ ಅಪಾಯ ಇಲ್ಲ. ಅಷ್ಟು ಶುದ್ಧವಾಗಿ ತಪ್ಪು ಮಾಡೋಕೆ ನನಗೆ ಎರಡು ಗಂಟೆ ಜಾಸ್ತಿ ಹಿಡೀತು.” ಅವನು ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಎಲ್ಲಾ ಒಂದೇ ಪಾತ್ರೆಗೆ ಸುರಿದು ಕಲಸಿಬಿಟ್ಟೆ. ಲ್ಯಾಟಿನ್ ವೈರಿಂಗು. ಫೋನ್ ಮಾಡ್ತಾನೆ ನೋಡು, ‘ಭಾವ, ಕನ್‌ಫ್ಯೂಸ್ ಆಗ್ತಿದೆ’ ಅಂತ ಅವನ ಬಾಯಲ್ಲೇ ಬರ್ಬೇಕು. ಅಲ್ಲಿ ತನಕ ನಾನು ಆ ಕಡೆ ತಲೆ ಹಾಕಲ್ಲ.”

ಬೈಂಡರಮ್ಮನ ನಾಲಿಗೆ ತುದಿಯಲ್ಲಿದ್ದ ಮಾತು ಹಾಗೇ ಒಳಗೆ ಹೋಯಿತು. ಅಣ್ಣ ಅಂಕಣ ಬರೆದ. ಗಂಡ ಬೋರ್ಡು ಕೆಡಿಸಿದ. ಇಬ್ಬರ ನಡುವೆ ಆ ಮನೆಯಲ್ಲಿ ದಿನವಿಡೀ ಓಡಾಡುವವಳು ಅತ್ತಿಗೆ. ಅವಳ ನೆನಪು ಇಬ್ಬರಿಗೂ ಬಂದಂತಿರಲಿಲ್ಲ.

ಅತ್ತಿಗೆ ಗುರುವಾರ ಮಧ್ಯಾಹ್ನವೇ ನೆಲಮಾಳಿಗೆಗೆ ಇಳಿದು ಬಂದಳು. ಸ್ಟೂಲಿನ ಮೇಲಿದ್ದ ರಟ್ಟಿನ ಕಂತೆ ಕೆಳಗಿಟ್ಟು ಕೂತಳು.

“ನೋಡು ನಾದಿನೀ,” ಎಂದಳು, “ನಾನು ಹೇಳೋದನ್ನ ನೀನು ನಂಬಲ್ಲ. ನಿಮ್ಮಣ್ಣ ಬಚ್ಚಲಿಗೆ ಹೋದಾಗಲೆಲ್ಲ ನಮ್ಮನೆಗೆ ನೆಂಟರು ಬಂದ ಹಾಗೆ ಬೆಲ್ಲು. ನಾನು ಹೋಗಿ ಬಾಗಿಲು ತೆಗೀತೀನಿ, ಯಾರೂ ಇಲ್ಲ. ಬೆಲ್ಲು ನಿಲ್ಲಲ್ಲ. ಎದುರುಮನೆಯೋರು ಕಿಟಕೀಲಿ ನಿಂತು ನೋಡ್ತಾರೆ. ಇವತ್ತು ಪೋಸ್ಟ್‌ಮ್ಯಾನ್ ಹತ್ತು ನಿಮಿಷ ಬೆಲ್ ಒತ್ತಿದ್ನಂತೆ. ಒಳಗೆ ಬಚ್ಚಲ ಲೈಟು ಮಿಂಚುಹುಳದ ಹಾಗೆ ಮಿಣುಕ್ ಮಿಣುಕ್ ಅಂತಿತ್ತು. ನಾವಿಬ್ರೂ ಲೈಟ್ ಕೆಟ್ಟಿದೆ ಅಂತ ಕೂತಿದ್ವಿ.”

“ಅಣ್ಣ ಇವರಿಗೆ ಫೋನ್ ಮಾಡ್ಲಿಲ್ವಾ?”

“ಮಾಡ್ತಾರಾ? ‘ಅವನಿಗೆ ಗೊತ್ತಿರೋದೇ ಅಷ್ಟು, ಕೇಳಿ ಏನು ಪ್ರಯೋಜನ’ ಅಂತಾರೆ. ಒಂದು ಹಾಳೇಲಿ ಪಟ್ಟಿ ಬರ್ದು ಬೋರ್ಡಿಗೆ ಅಂಟಿಸಿದ್ದಾರೆ. ಯಾವುದು ಒತ್ತಿದ್ರೆ ಏನು ಅಂತ. ಕೇಳಿದ್ರೆ, ‘ಎಲ್ಲಾ ಸ್ಪಷ್ಟವಾಗಿದೆ, ಪಟ್ಟಿ ನೋಡು’ ಅಂತಾರೆ. ಲೈಟ್ ಹಾಕೋಕೆ ನಾನು ಕನ್ನಡಕ ಹುಡುಕ್ಬೇಕು.”

ಬೈಂಡರಮ್ಮನಿಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಮೊದಲು ಸಿಟ್ಟಾದಳು, ಆಮೇಲೆ ತಾನೂ ನಕ್ಕಳು. ನಕ್ಕು ಮುಗಿದಮೇಲೆ ಬೈಂಡರಮ್ಮ ವೈರಿಂಗಿನ ಗುಟ್ಟನ್ನು ಬಿಚ್ಚಿ ಹೇಳಿದಳು. ‘ಎಫ್’ ಸಂಪುಟ ತೆಗೆದು ಆ ಹಾಳೆಯನ್ನೂ ತೋರಿಸಿದಳು. ಅತ್ತಿಗೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ವಿಷಯ ತಿಳಿದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು.

“ಹಾಗಾದ್ರೆ ಇವರು ತಪ್ಪು,” ಎಂದಳು, ಹಬ್ಬದ ಸುದ್ದಿ ಹೇಳುವವಳಂತೆ. “ಅಚ್ಚಾಗಿರೋ ತಪ್ಪು.”

“ನಮ್ಮನೆಯವರದೂ ಪೂರ್ತಿ ಸರಿಯಲ್ಲ ಅತ್ತಿಗೆ. ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಹೇಳಿದ್ದು. ಇವತ್ತೇ ಹೇಳಿದ್ರೆ ಅಣ್ಣ ಏನೋ ಒಂದು ನೆವ ತೆಗೆದು ಮುಚ್ಚಿಬಿಡ್ತಾನೆ. ನಮ್ಮನೆಯವರು ನೆಲದ ಮೇಲೆ ನಡೆಯಲ್ಲ. ಇಬ್ಬರಿಗೂ ಒಂದೇ ಪಂಕ್ತೀಲಿ ಬಡಿಸೋಣ. ಮುಂದಿನ ಶುಕ್ರವಾರದ ತನಕ ಆ ಬೆಲ್ಲು ತಡ್ಕೊಳ್ಳೋಕೆ ಆಗುತ್ತಾ?”

ಅತ್ತಿಗೆ ಒಂದು ಕ್ಷಣ ಯೋಚಿಸಿದಳು. “ಇದಕ್ಕಾದ್ರೆ ಆಗುತ್ತೆ,” ಎಂದಳು.

ಶುಕ್ರವಾರ ಸಂಜೆ ನಾಲ್ಕಕ್ಕೆ ಲೈಬ್ರರಿಯ ಓದುವ ಹಾಲಿನಲ್ಲಿ ಯಾರಾದರೊಬ್ಬರು ಬಂದು ಮಾತಾಡುವುದು ರೂಢಿ. ಬೈಂಡರಮ್ಮ ಲೈಬ್ರೇರಿಯನ್ ಮೇಡಂ ಹತ್ತಿರ ಹೋಗಿ, ನಮ್ಮಣ್ಣನ ಕನ್‌ಫ್ಯೂಸ್ಡ್ ಅಂಕಣ ಜನಕ್ಕೆ ಬಹಳ ಹಿಡಿಸಿದೆ, ಅದರ ಬಗ್ಗೆಯೇ ಮಾತಾಡಿಸಿದರೆ ಹಾಲ್ ತುಂಬುತ್ತದೆ ಎಂದಳು. ಮೇಡಂಗೆ ಹಾಲ್ ತುಂಬಿದರೆ ಸಾಕಿತ್ತು. ಅಣ್ಣನಿಗೆ ಆಹ್ವಾನ ಹೋಯಿತು. ಅವನು ಕರೆಗೆ ಕಾದು ಕೂತವನಂತೆ ಒಪ್ಪಿದ. ಹಾಲಿನ ಹಿಂಬದಿಯ ಟ್ಯೂಬ್‌ಲೈಟ್ ತಿಂಗಳಿನಿಂದ ಮಿಟುಕುತ್ತಿತ್ತು. ಅದನ್ನು ಆ ಶುಕ್ರವಾರವೇ ನಾಲ್ಕೂವರೆಗೆ ಬಂದು ಸರಿಮಾಡಬೇಕೆಂದು ಗಂಡನಿಗೂ ಮೇಡಂ ಕಡೆಯಿಂದ ಫೋನ್ ಹೋಯಿತು.

“ಭಾಷಣದ ನಡುವೆ ಏಣಿ ಯಾಕ್ರೀ?” ಎಂದರು ಮೇಡಂ.

“ಆಮೇಲೆ ಅವರಿಗೆ ಬೇರೆ ಕಡೆ ಕೆಲಸ ಇದೆಯಂತೆ ಮೇಡಂ,” ಎಂದಳು ಬೈಂಡರಮ್ಮ. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಅದು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಆ ದಿನ ನಲವತ್ತು ಕುರ್ಚಿ ತುಂಬಿ ಹತ್ತು ಜನ ನಿಂತಿದ್ದರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಚೆನ್ನಾಗಿ ಮಾತಾಡಿದ, ಅದನ್ನು ಅವನ ಶತ್ರುವೂ ಒಪ್ಪಬೇಕು. ಎರಡು ಲೋಟ ತರಿಸಿ, ಒಂದರಲ್ಲಿ ಹಾಲು, ಒಂದರಲ್ಲಿ ಚಹಾದ ಡಿಕಾಕ್ಷನ್, ಎರಡನ್ನೂ ಒಂದು ಪಾತ್ರೆಗೆ ಸುರಿದು ಎತ್ತಿ ತೋರಿಸಿದ. “ಈಗ ಹಾಲು ಯಾವುದು, ಡಿಕಾಕ್ಷನ್ ಯಾವುದು, ಬೇರೆ ಮಾಡಿ ನೋಡೋಣ. ಆಗಲ್ಲ. ಇದೇ ಕನ್‌ಫ್ಯೂಸ್ಡ್. ಇನ್ನೊಂದು ಸ್ವಾರಸ್ಯ ಕೇಳಿ. ಇಂಗ್ಲಿಷಿನಲ್ಲಿ ಗಲಿಬಿಲಿಗೊಂಡವನು ಅನ್ನೋ ಪದ ಮೊದಲು ಬಂತು. ಗಲಿಬಿಲಿ ಮಾಡು ಅನ್ನೋ ಕ್ರಿಯಾಪದವನ್ನ ಆಮೇಲೆ ಅದರಿಂದ ಕತ್ತರಿಸಿ ಮಾಡ್ಕೊಂಡ್ರು. ಅಂದ್ರೆ ಕೆಟ್ಟವನು ಮೊದಲು ಹುಟ್ಟಿದ, ಕೆಡಿಸೋನು ಆಮೇಲೆ.”

“ನಮ್ಮನೇಲಿ ಉಲ್ಟಾ,” ಎಂದಳು ಮುಂದಿನ ಸಾಲಿನಿಂದ ಅತ್ತಿಗೆ, ತೀರಾ ಮೆಲ್ಲಗೆ ಅಲ್ಲ. ಜನ ನಕ್ಕರು. ಹಿಂಬದಿಯಲ್ಲಿ ಏಣಿ ಹತ್ತಿ ನಿಂತಿದ್ದ ಗಂಡ ನಗಲಿಲ್ಲ; ಯಾರೋ ಆಗಲೇ ಹಿಂದಕ್ಕೆ ತಿರುಗಿ ‘ಕನ್‌ಫ್ಯೂಸಣ್ಣ’ ಎಂದು ಪಿಸುಗುಟ್ಟಿ, ನಗು ಸಾಲಿನಿಂದ ಸಾಲಿಗೆ ಹೋಗಿತ್ತು. ಅಣ್ಣನೂ ಆ ಸಲುಗೆಯಲ್ಲಿ ಫ್ಯೂಸಿನ ಕಥೆಯನ್ನು ಮತ್ತೊಂದು ಸಲ ಹೇಳಿ ಮುಗಿಸಿದ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದ.

ಬೈಂಡರಮ್ಮ ಎದ್ದಳು. ಕೈಯಲ್ಲಿ ‘ಎಫ್’ ಸಂಪುಟ. ಅಣ್ಣನಿಗೆ ಖುಷಿಯಾಯಿತು, ತಂಗಿ ಪ್ರಶ್ನೆ ಕೇಳುವುದು ಇದೇ ಮೊದಲು.

“ಕೇಳು ಪುಟ್ಟಿ.”

“ಕನ್‌ಫ್ಯೂಸ್ ಗೊತ್ತಾಯ್ತು ಅಣ್ಣ. ಬರೀ ಫ್ಯೂಸ್ ಇದೆಯಲ್ಲ, ಕರೆಂಟಿಂದು, ಅದು ಎಲ್ಲಿಂದ ಬಂತು?”

“ಅದು ಬಹಳ ಸುಲಭ,” ಎಂದ ಅಣ್ಣ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ತರಗತಿಯಲ್ಲಿ ಉತ್ತರ ಹೇಳುವಾಗ ಅವನು ನಿಲ್ಲುತ್ತಿದ್ದ ಭಂಗಿ. “ಆ ತಂತಿ ಕರಗುತ್ತೆ. ಕರಗೋದಕ್ಕೆ ಫ್ಯೂಸ್ ಅಂತಾರೆ. ಲೋಹ ಕರಗಿಸಿ ಸುರಿಯೋದು. ಅದು ಲ್ಯಾಟಿನ್ನಿನ ಫುಂ...”

ಅಲ್ಲಿಗೆ ನಿಂತ.

ಬಾಯಿ ತೆರೆದೇ ಇತ್ತು. ಕಣ್ಣು ಮಾತ್ರ ನಿಧಾನವಾಗಿ ತಂಗಿಯ ಕೈಯಲ್ಲಿದ್ದ ಸಂಪುಟಕ್ಕೆ ಹೋಯಿತು, ಅಲ್ಲಿಂದ ಎದುರಿಗಿದ್ದ ಚಹಾ ಪಾತ್ರೆಗೆ, ಅಲ್ಲಿಂದ ಹಿಂಬದಿಯ ಏಣಿಗೆ. ಮೂವತ್ತೈದು ವರ್ಷ ಬೇರೆಯವರ ಮುಖದ ಮೇಲೆ ನೋಡಿದ್ದ ತಬ್ಬಿಬ್ಬು ಈಗ ಅವನ ಮುಖದ ಮೇಲೇ ಬಂದು ಕೂತಿತ್ತು. ಕಿವಿಗಳು ಕೆಂಪಾದವು. ಮುಂದಿನ ಸಾಲಿನ ಒಬ್ಬ ಮುದುಕರು, “ಫುಂ ಅಂದ್ರೆ ಏನು?” ಎಂದು ಪಕ್ಕದವರನ್ನು ಕೇಳಿದರು.

ಬೈಂಡರಮ್ಮನಿಗೆ ಆಗ ಇದ್ದಕ್ಕಿದ್ದಂತೆ ಅಯ್ಯೋ ಅನ್ನಿಸಿತು. ಒಂಬತ್ತು ದಿನ ಈ ಗಳಿಗೆಯನ್ನು ಬಾಯಲ್ಲಿ ಚಪ್ಪರಿಸಿದ್ದಳು. ಬಂದಾಗ ನೋಡಿದರೆ ಎದುರಿಗೆ ನಿಂತಿದ್ದವನು ಬೋಳುತಲೆಯ, ಅಂಗಿಯ ಮೇಲಿನ ಗುಂಡಿ ಬಿಗಿಯಾಗಿ ಹಾಕಿಕೊಂಡ ಮುದುಕ ಅಣ್ಣ. ಅವನು ಏನೋ ಒಂದು ನೆವ ಹೇಳಿ ತಪ್ಪಿಸಿಕೊಳ್ಳಲಿ ಎಂದೇ ಮನಸ್ಸಿನಲ್ಲಿ ಬೇಡಿಕೊಂಡಳು.

ಅಣ್ಣ ತಪ್ಪಿಸಿಕೊಳ್ಳಲಿಲ್ಲ. ಕೈ ಚಾಚಿ ಸಂಪುಟ ಇಸಿದುಕೊಂಡ. ಕನ್ನಡಕ ಏರಿಸಿ ಆ ನಮೂದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಓದಿ ಮುಗಿಸಿ ಪುಸ್ತಕ ಮೇಜಿನ ಮೇಲಿಟ್ಟ.

“ಫ್ಯೂಸಿಗೂ ಕನ್‌ಫ್ಯೂಸಿಗೂ ಮೂಲ ಒಂದೇ,” ಎಂದ. “ಎರಡೂ ಗೊತ್ತಿದ್ದು ನಾನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ನಮ್ಮ ಭಾವನವರು ಹೋದ ದಾರಿ ತಪ್ಪು. ತಲುಪಿದ ಮನೆ ಸರಿ. ನಾನು ಸರಿಯಾದ ದಾರೀಲಿ ಹೋಗಿ ಆ ಮನೆ ಬಾಗಿಲು ದಾಟಿ ಮುಂದೆ ಹೋಗಿಬಿಟ್ಟೆ. ಅದೂ ಅಲ್ಲದೆ ಅವರನ್ನ ಊರೆಲ್ಲ ನಗೋ ಹಾಗೆ ಮಾಡಿದೆ.” ಹಿಂಬದಿಗೆ ತಿರುಗಿ, “ತಪ್ಪಾಯ್ತು ಭಾವ,” ಎಂದ.

ಐವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಗಂಡ ಏಣಿಯ ಮೇಲೆ ಟ್ಯೂಬ್‌ಲೈಟನ್ನು ಎದೆಗವಚಿಕೊಂಡು ನಿಂತಿದ್ದ. ಚಪ್ಪಾಳೆ ಶುರುವಾಯಿತು. ಅವನು ಇಳಿದು ಬಂದ. ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದ. ಮುಂದೆ ಬಂದು ಏನು ಮಾಡಬೇಕೆಂದು ತೋಚದೆ ನಿಂತ. ಹೊಗಳಿಕೆಗಿಂತ ಬೈಗುಳವೇ ಅವನಿಗೆ ಒಗ್ಗುತ್ತಿತ್ತು. ತಡೆಯಲಾರದೆ ಬಾಯಿಬಿಟ್ಟ.

“ಭಾವ, ನಿಮ್ಮನೆ ಬೋರ್ಡು ನಾನು ಬೇಕೂಂತಲೇ ಕೆಡಿಸಿದ್ದು.”

“ಬೇಕೂಂತಲಾ?” ಅಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಾನು ನಿಮಗೆ ಕೆಲಸ ಬರಲ್ಲ ಅಂದ್ಕೊಂಡಿದ್ದೆ.”

ಗಂಡನ ಮುಖ ಕಳೆಗುಂದಿತು. “ಕೆಲಸ ಬರಲ್ಲ ಅಂದ್ಕೊಂಡ್ರಾ? ಎಂಟು ಸ್ವಿಚ್ಚು, ಒಂದರಿಂದಲೂ ಅಪಾಯ ಇಲ್ಲದ ಹಾಗೆ, ಒಂದೂ ಸರಿಯಾಗಿರದ ಹಾಗೆ. ಬೇರೆ ಯಾರಾದ್ರೂ ಮಾಡ್ಲಿ ನೋಡೋಣ.”

“ನನಗೆ ಪಟ್ಟಿ ಬರೆಯೋಕೇ ಎರಡು ದಿನ ಹಿಡೀತು,” ಎಂದು ಅಣ್ಣ ಒಪ್ಪಿಕೊಂಡ, ಸ್ವಲ್ಪ ಗೌರವದಿಂದಲೇ.

ಲೈಬ್ರೇರಿಯನ್ ಮೇಡಂ ಸಂಪುಟವನ್ನು ಒಳಗಿಡಲು ಎತ್ತಿಕೊಂಡರು. ಒಳಗಿದ್ದ ಚೀಟಿ ನೋಡಿ, “ಇದೇನ್ರೀ ಬೈಂಡರಮ್ಮ, ಇದರ ಕೆಲಸ ಹೋದ ಬುಧವಾರದ ಹಿಂದಿನ ಬುಧವಾರವೇ ಮುಗಿದಿದೆ. ಇಷ್ಟು ದಿನ ಕೆಳಗೆ ಯಾಕೆ ಇಟ್ಕೊಂಡಿದ್ರಿ?” ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರಿಗೆ ಪುಸ್ತಕಗಳು ಕಪಾಟಿನಲ್ಲಿರಬೇಕು, ಅಷ್ಟೇ.

ಅಣ್ಣ ತಂಗಿಯ ಕಡೆ ನೋಡಿದ. ಗಂಡ ಹೆಂಡತಿಯ ಕಡೆ ನೋಡಿದ. ಇಬ್ಬರೂ ನೋಡಿದ್ದು ಒಬ್ಬಳನ್ನೇ.

“ಒಂಬತ್ತು ದಿನದಿಂದ ಗೊತ್ತಿತ್ತಾ ನಿನಗೆ?” ಎಂದ ಗಂಡ.

“ಗೊತ್ತಿತ್ತು.”

“ನಾನು ದಿನಾ ಉಗಿಸಿಕೊಂಡು ಬರ್ತಿದ್ದೆ.”

“ನಾನು ದಿನಾ ಬೆಲ್ ಕೇಳ್ತಿದ್ದೆ,” ಎಂದ ಅಣ್ಣ.

“ಬೆಲ್ ಕೇಳ್ತಿದ್ದೋಳು ನಾನು,” ಎಂದಳು ಅತ್ತಿಗೆ. “ನೀವು ಒಳಗಿರ್ತಿದ್ರಿ.”

ಭಾವಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಂಡರಮ್ಮನ ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವರಿಬ್ಬರಿಗೂ ಒಂದೇ ವಿಷಯದಲ್ಲಿ ಒಂದೇ ಅಭಿಪ್ರಾಯ ಬಂದದ್ದು ಇದೇ ಮೊದಲು. “ನಡೀರಿ ಭಾವ,” ಎಂದ ಅಣ್ಣ. “ನಡೀರಿ,” ಎಂದ ಗಂಡ. ಒಬ್ಬ ಏಣಿಯ ಆ ತುದಿ, ಇನ್ನೊಬ್ಬ ಈ ತುದಿ ಹಿಡಿದು ಹೊರಟೇಬಿಟ್ಟರು. ಟ್ಯೂಬ್‌ಲೈಟ್ ಕುರ್ಚಿಯ ಮೇಲೆ ಉಳಿಯಿತು.

ಆ ಸಂಜೆಯೇ ಬೋರ್ಡು ಸರಿಯಾಯಿತು. ಗಂಡ ಒಂದೊಂದು ತಂತಿ ಬಿಚ್ಚುತ್ತ ಯಾಕೆ ಎಲ್ಲಿಗೆ ಸೇರಿಸಿದ್ದೆ ಎಂದು ವಿವರಿಸಿದ. ಅಣ್ಣ ಟಾರ್ಚ್ ಹಿಡಿದು ವಿದ್ಯಾರ್ಥಿಯಂತೆ ಕೇಳಿದ. ಬೈಂಡರಮ್ಮನ ಜೊತೆ ಇಬ್ಬರೂ ನಾಲ್ಕು ದಿನ ಮಾತು ಬಿಟ್ಟರು. ಅವಳು ಆ ನಾಲ್ಕು ದಿನವನ್ನು ರಜೆಯಂತೆ ಕಳೆದಳು. ಅತ್ತಿಗೆಯೂ ಅವಳೂ ಒಂದು ಮಧ್ಯಾಹ್ನ ಸಿನಿಮಾಕ್ಕೆ ಹೋಗಿ ಬಂದರು.

ಗುರುವಾರದ ಅಂಕಣದಲ್ಲಿ ತಿದ್ದುಪಡಿ ಬಂತು. ಕರಗುವ ತಂತಿಯ ಬಗ್ಗೆ ಗಂಡ ಊಟದ ಮೇಜಿನಲ್ಲಿ ಹೇಳಿದ್ದ ಮಾತನ್ನು ಅಣ್ಣ ಅಕ್ಷರ ಬಿಡದೆ ಹಾಕಿ, ‘ನನ್ನ ಭಾವನವರ ವಿವರಣೆ ನನ್ನದಕ್ಕಿಂತ ಸ್ಪಷ್ಟ’ ಎಂದು ಬರೆದಿದ್ದ. ಗಂಡ ಅದನ್ನು ಕತ್ತರಿಸಿ ಕೆಲಸದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಕೊಂಡ. ಅಲ್ಲಿಂದ ಮುಂದೆ ಅವನನ್ನು ಫ್ಯಾನ್ ಸರಿಮಾಡಲು ಕರೆದವರು ಫ್ಯಾನ್ ಎಂಬ ಪದದ ಹುಟ್ಟನ್ನೂ ಕೇಳಬೇಕಾಗುತ್ತಿತ್ತು. ಹೇಳುತ್ತಿದ್ದದ್ದೆಲ್ಲ ಶುದ್ಧ ಬುರುಡೆ. ಆದರೆ ಒಂದು ಸಲ ಸರಿಯಾದವನನ್ನು ತಪ್ಪೆಂದು ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ತಿದ್ದುಪಡಿ ಅಚ್ಚಾದ ಮರುದಿನ ಅಣ್ಣ ನೆಲಮಾಳಿಗೆಗೆ ಇಳಿದು ಬಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಬಾಗಿಲಲ್ಲೇ ನಿಂತು ಅಂಟಿನ ವಾಸನೆಗೆ ಮೂಗು ಮುದುರಿಕೊಂಡ, ಒಳಗೆ ಬಂದ, ಹೊಲಿಯುವ ಚೌಕಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಜೇಬಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟ.

“ಮುಂದಿನ ವಾರದ್ದು,” ಎಂದ. “ಅಚ್ಚಿಗೆ ಕೊಡೋ ಮೊದಲು ನಿನ್ನ ಸಂಪುಟಗಳ ಜೊತೆ ಒಂದು ಸಲ ಹೋಲಿಸಿ ನೋಡ್ಬಿಡು ಪುಟ್ಟಿ. ಏನೂ ಇರಲ್ಲ. ಸುಮ್ಮನೆ.”

ಬೈಂಡರಮ್ಮ ಕೈ ತೊಳೆದು ಒರೆಸಿಕೊಂಡಳು. ಅಣ್ಣನಿಗೆ ಸ್ಟೂಲು ಖಾಲಿ ಮಾಡಿಕೊಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟಳು. ಹಾಳೆ ಬಿಡಿಸಿ ಭೂತಗನ್ನಡಿ ಹಿಡಿದಳು. ಎರಡನೇ ಸಾಲಿನಲ್ಲೇ ಒಂದು ತಪ್ಪು ಕಂಡಿತು. ತಲೆಯೆತ್ತಿ ನೋಡಿದರೆ ಅಣ್ಣ ನೆಮ್ಮದಿಯಾಗಿ ಕಾಲು ಚಾಚಿ ಕೂತು, ಚಹಾ ಊದಿ ಊದಿ ಕುಡಿಯುತ್ತಿದ್ದ. ಅವಳು ಏನೂ ಹೇಳದೆ ಮೂರನೇ ಸಾಲಿಗೆ ಹೋದಳು. ಲೋಟ ಖಾಲಿಯಾಗಲಿ.